ಉದುರದ ನಾಲ್ಕು ಅಕ್ಷರ

1

ಎಲ್ಲಿಂದ ಶುರು ಮಾಡಲಿ? ಮೆಷಿನ್ನಿನಿಂದ ಶುರು ಮಾಡಿದರೆ ಇದು ಯಾವುದೋ ಕಂಪನಿಯ ಜಾಹೀರಾತು ಅಂದುಕೊಂಡು ಪುಟ ತಿರುಗಿಸಿಬಿಡುತ್ತೀರಿ. ಮಗುವಿನಿಂದ ಶುರು ಮಾಡಿದರೆ ಈಗಲೇ ಕರ್ಚೀಫು ತೆಗೆಯುತ್ತೀರಿ. ಹೋಗಲಿ, ಮುದುಕನಿಂದ ಶುರು ಮಾಡೋಣ ಅಂದರೆ ಅವನೇ ಬಿಡುತ್ತಿಲ್ಲ.

"ಮುದುಕ ಅಂತ ಬರೆದ್ರೆ ಎದ್ದು ಹೋಗ್ತೀನಿ ನೋಡು. ಐವತ್ತೊಂಬತ್ತು ನನಗೆ."

ಸರಿ, ಉಳಿಯಣ್ಣ ಅಂತ ಬರೆಯುತ್ತೇನೆ. ಬೀದಿಯವರೆಲ್ಲ ಕರೆಯುವುದೂ ಹಾಗೇ. ನಲವತ್ತು ವರ್ಷ ಉಳಿ ಹಿಡಿದು ಮರ ಕೆತ್ತಿದ ಕೈ ಅದು. ಈಗ ತಮ್ಮನ ಅಂಗಡಿಯಲ್ಲಿ, ಸಿಎನ್‌ಸಿ ಮೆಷಿನ್ ಕೊರೆದು ಉಗುಳಿದ ಅಕ್ಷರಗಳ ಅಂಚಿಗೆ ಉಪ್ಪುಕಾಗದ ಉಜ್ಜುವ ಕೆಲಸ. (ಇಲ್ಲಿ ಒಂದು ಗಾದೆ ಹಾಕಿದ್ದೆ. ಅವನು ಉಳಿ ಎತ್ತಿದ. ಗಾದೆ ತೆಗೆದೆ.)

ಅಂಗಡಿಯ ಮಾಲು ಒಂದೇ, ಮಕ್ಕಳ ಹೆಸರಿನ ಮರದ ಪಜಲ್. ಅಪ್ಪ ಅಮ್ಮಂದಿರು ಆನ್‌ಲೈನಿನಲ್ಲಿ ಹೆಸರು ಟೈಪ್ ಮಾಡಿ ಆರ್ಡರ್ ಕೊಡುತ್ತಾರೆ. ತಮ್ಮ ಅದನ್ನು ಕಂಪ್ಯೂಟರಿಗೆ ಹಾಕುತ್ತಾನೆ. ಮೆಷಿನ್ ಒಂದು ಹಲಗೆಯಲ್ಲಿ ಆ ಹೆಸರಿನ ಆಕಾರಕ್ಕೆ ಗುಳಿ ತೋಡುತ್ತದೆ, ಇನ್ನೊಂದು ಹಲಗೆಯಿಂದ ಅವೇ ಅಕ್ಷರಗಳನ್ನು ಬಿಡಿಬಿಡಿಯಾಗಿ ಕತ್ತರಿಸುತ್ತದೆ. ಮಗು ಅಕ್ಷರ ಕೂರಿಸಬೇಕು, ತೆಗೆಯಬೇಕು, ಮತ್ತೆ ಕೂರಿಸಬೇಕು. ಪ್ಯಾಕ್ ಮಾಡುವ ಮೊದಲು ಒಂದು ಪರೀಕ್ಷೆ ಇದೆ. ಅಕ್ಷರಗಳನ್ನು ಕೂರಿಸಿ ಹಲಗೆಯನ್ನು ಬೋರಲು ಹಾಕಿದರೆ ಎಲ್ಲವೂ ಪಟಪಟ ಉದುರಬೇಕು. ಉದುರಿದರೆ ಪಾಸ್.

ಉಳಿಯಣ್ಣ ಈ ಪರೀಕ್ಷೆಯನ್ನು ಇವತ್ತಿಗೂ ಹಲ್ಲು ಕಚ್ಚಿಕೊಂಡೇ ಮಾಡುವುದು. ಅವನು ಕಲಿತದ್ದು ಇದರ ಉಲ್ಟಾ. ಕೂಡಿಸಿದ ಮರವನ್ನು ಬೋರಲು ಹಾಕಿದರೆ ಏನೂ ಅಲುಗಬಾರದು. ಅಲುಗಿತೋ, ಕೂಡಿಸಿದವನು ಬಡಗಿಯಲ್ಲ, ಸೌದೆ ಒಡೆಯುವವನು.

(ಅಂದಹಾಗೆ ನಾನು ಕೂತು ಬರೆಯುತ್ತಿರುವುದು ಅವನ ಕೆಲಸದ ಮೇಜಿನ ಪಕ್ಕದಲ್ಲೇ. ಕೊಟ್ಟಿರುವ ಸ್ಟೂಲು ಕುಂಟುತ್ತದೆ. ಬರವಣಿಗೆ ಅಲ್ಲಲ್ಲಿ ಸೊಟ್ಟಗಾದರೆ ಅದಕ್ಕೂ ಸ್ವಲ್ಪ ಪಾಲು ಕೊಡಿ.)

2

ಮೊದಲ ಕರಡಿನಲ್ಲಿ ಅವನಿಗೊಂದು ಫೋನ್ ಬರುತ್ತಿತ್ತು. ಅದನ್ನು ಹರಿದು ಹಾಕಿದೆ. ಅವನಿಗೆ ಯಾರೂ ಫೋನ್ ಮಾಡುವುದಿಲ್ಲ.

ನಡೆದದ್ದು ಇಷ್ಟು. ತಮ್ಮ ಟೀ ಕುಡಿಯಲು ಹೋಗಿದ್ದ. ಪ್ರಿಂಟರ್ ಆರ್ಡರ್ ಚೀಟಿಗಳನ್ನು ತಟ್ಟೆಗೆ ಬೀಳಿಸಿತು. ದಿನಾ ತಮ್ಮನೇ ಎತ್ತಿಕೊಳ್ಳುವ ಚೀಟಿಗಳನ್ನು ಅವತ್ತು ಉಳಿಯಣ್ಣ ಎತ್ತಿಕೊಂಡ. ಮೂರನೇ ಚೀಟಿಯಲ್ಲಿ ನಾಲ್ಕಕ್ಷರದ ಒಂದು ಹೆಸರು. ಹಲಗೆಯ ಹಿಂದೆ ಕೆತ್ತಬೇಕಾದ ಸಾಲು: 'ಮೂರನೇ ಹುಟ್ಟುಹಬ್ಬಕ್ಕೆ, ಅಮ್ಮನಿಂದ.' ಕಳಿಸಿದವಳ ಹೆಸರು ಅವನ ಮಗಳದ್ದು. ಮುಂದಿನ ಇನಿಷಿಯಲ್ ಕೂಡ ಇನ್ನೂ ಅವನದ್ದೇ. (ಅದರಲ್ಲಿ ಆಸೆ ಹುಡುಕಬೇಡಿ. ಇನಿಷಿಯಲ್ ಬದಲಿಸಬೇಕಾದರೆ ಎಷ್ಟು ಆಫೀಸು ಅಲೆಯಬೇಕು ಅಂತ ನಿಮಗೂ ಗೊತ್ತು.)

ಮಗಳ ಮುಖ ನೋಡಿ ಏಳು ವರ್ಷವಾಗಿತ್ತು. ಅವಳಿಗೆ ಮಗುವಿದೆ ಅನ್ನುವುದು ಅವನಿಗೆ ಗೊತ್ತಾದದ್ದು ಹೀಗೆ, ಪ್ರಿಂಟರಿನ ಬಾಯಿಂದ.

ತಮ್ಮ ಬಂದವನು ಅಣ್ಣನ ಕೈಲಿದ್ದ ಚೀಟಿ ನೋಡಿ ಬಾಗಿಲಲ್ಲೇ ನಿಂತ.

"ಅದನ್ನ ಇಲ್ಲಿ ಕೊಡು ಅಣ್ಣ."

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಯಾವಾಗಿಂದ?"

"ಮೂರು ವರ್ಷದಿಂದ." ತಮ್ಮ ನೆಲ ನೋಡುತ್ತ ಹೇಳಿದ. "ಹೆಸರು ಅಪ್ಪನ ಕಿವಿಗೆ ಬೀಳಬಾರದು ಅಂತ ಮಾತು ತಗೊಂಡಿದ್ದಾಳೆ. ಆರ್ಡರ್ ಕೊಟ್ಟಾಗ್ಲೂ ಫೋನ್ ಮಾಡಿ ಹೇಳಿದ್ಳು, ನೀವೇ ಮಾಡಿ ಚಿಕ್ಕಪ್ಪ ಅಂತ."

"ಕಿವಿಗೆ ಬಿದ್ದಿಲ್ವಲ್ಲ," ಅಂದ ಉಳಿಯಣ್ಣ. "ಕಣ್ಣಿಗೆ ಬಿತ್ತು."

2 (ಮತ್ತೆ ಎರಡೇ, ಯಾಕೆಂದರೆ ನೀವು ಕಾರಣ ಕೇಳುತ್ತಿದ್ದೀರಿ)

ಮಗಳಿಗೆ ಆಗ ಇಪ್ಪತ್ತು. "ನಾನೂ ಕೆಲಸ ಕಲೀತೀನಪ್ಪಾ," ಅಂದಿದ್ದಳು. ಇವನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅವಳು ಅವನಿಗೆ ಗೊತ್ತಾಗದ ಹಾಗೆ ಎರಡು ತಿಂಗಳು ಕೂತು ಒಂದು ಸ್ಟೂಲು ಮಾಡಿದಳು. ಮೊಳೆಯಿಲ್ಲದೆ, ಬರೀ ಮರಕ್ಕೆ ಮರ ಕೂಡಿಸಿ. ತಂದು ಅಪ್ಪನ ಮುಂದೆ ಇಟ್ಟಳು. ಆರು ಜನ ಕೆಲಸದವರು ಸುತ್ತ ನಿಂತರು.

ಉಳಿಯಣ್ಣ ಸ್ಟೂಲನ್ನು ಎತ್ತಿ ಬೋರಲು ಹಿಡಿದು ಒಂದು ಸಲ ಅಲ್ಲಾಡಿಸಿದ. ಒಂದು ಕಾಲು ಕಳಚಿ ಕೆಳಗೆ ಬಿತ್ತು.

"ಇದೇನೇ ಸಂದು ಇದು! ಬಸ್ಸೇ ಹೋಗತ್ತಲ್ಲೇ ಇದರಲ್ಲಿ!"

ಆರು ಜನವೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೂ ನಕ್ಕಳು. ಅವಳು ನಕ್ಕಿದ್ದು ಇವನಿಗೆ ಚೆನ್ನಾಗಿ ನೆನಪಿದೆ, ನನ್ನ ಹತ್ತಿರ ನಾಲ್ಕು ಸಲ ಹೇಳಿದ್ದಾನೆ.

"ಅವಳೂ ನಗ್ತಿದ್ಳಪ್ಪ. ಅಷ್ಟಕ್ಕೆಲ್ಲ ಯಾರಾದ್ರೂ ಮನೆ ಬಿಟ್ಟು ಹೋಗ್ತಾರಾ? ನೀನೇ ಹೇಳು, ಕಥೆಗಾರ."

"ಒಂದು ಸಲಕ್ಕೆ ಹೋಗಲ್ಲ ಅಣ್ಣ. ಆ ಬಸ್ಸಿನ ಮಾತು ಎಷ್ಟು ಸಲ ಆಡಿದ್ರಿ?"

ಅವನು ಉಪ್ಪುಕಾಗದ ಮಡಚಿದ. ಬಿಡಿಸಿದ. ಮತ್ತೆ ಮಡಚಿದ.

ನಾನೇ ಹೇಳುತ್ತೇನೆ. ಒಂದು ವರ್ಷ ಪೂರ್ತಿ ಆಡಿದ. ಕಾಲು ಸಿಕ್ಕಿಸಿದ ಆ ಸ್ಟೂಲನ್ನು ಮನೆಗೆ ಬಂದವರಿಗೆಲ್ಲ ತೋರಿಸಿ, "ಬನ್ನಿ ಬನ್ನಿ, ನಮ್ಮ ಮಗಳ ಬಸ್‌ಸ್ಟ್ಯಾಂಡ್ ನೋಡಿ," ಅಂದ. ನೆಂಟರಿಗೆ ಅಂದ, ಅವಳ ಗೆಳತಿಯರಿಗೆ ಅಂದ. ಅವಳನ್ನು ಮದುವೆಯಾಗುತ್ತೇನೆ ಅಂತ ಕೇಳಲು ಬಂದ ಹುಡುಗನಿಗೂ ಅಂದ. ಆ ಹುಡುಗ ನಗಲಿಲ್ಲ. ಅವಳು ಅವನ ಜೊತೆ ಹೊರಟು ಹೋದಳು. ಮದುವೆಗೆ ಚಿಕ್ಕಪ್ಪನನ್ನು ಕರೆದಳು, ಅಪ್ಪನನ್ನು ಕರೆಯಲಿಲ್ಲ.

3

"ಇದೊಂದು ನಾನು ಮಾಡ್ತೀನಿ," ಅಂದ ಉಳಿಯಣ್ಣ.

ತಮ್ಮ ಬೇಡ ಅನ್ನಬೇಕಿತ್ತು. ಆದರೆ ಅಣ್ಣನ ಮುಖ ನೋಡಿದ ಮೇಲೆ ಬಾಯಿ ಬರಲಿಲ್ಲ. ತಮ್ಮಂದಿರ ಹಣೆಬರಹವೇ ಇಷ್ಟು.

ಮೆಷಿನ್ ಗುಳಿ ತೋಡಿತು. ಅದರ ಕೊರೆಯುವ ಮೊನೆ, ಅಂದರೆ ಬಿಟ್, ದುಂಡಗಿರುತ್ತದೆ, ಹಾಗಾಗಿ ಎರಡು ಗೆರೆ ಸೇರುವ ಒಳಮೂಲೆ ಯಾವಾಗಲೂ ಮೊಂಡಾಗಿ ಉಳಿಯುತ್ತದೆ. ಉಳಿಯಣ್ಣ ಸಣ್ಣ ಉಳಿ ತೆಗೆದು ಒಂದೊಂದು ಒಳಮೂಲೆಯನ್ನೂ ಚೂಪಾಗಿ ಬಿಡಿಸಿದ. ಮೆಷಿನ್ ಕತ್ತರಿಸಿದ ನಾಲ್ಕು ಅಕ್ಷರಗಳನ್ನು ಬುಟ್ಟಿಗೆ ಎಸೆದು ಬೇರೆ ಮರದಲ್ಲಿ ತಾನೇ ಕೈಯಾರೆ ಕೆತ್ತಿದ. ಆ ಮರ, ಮಗಳು ಮಲಗಿದ್ದ ತೊಟ್ಟಿಲಿನ ಹಲಗೆ.

(ಸುಳ್ಳು. ಬರೆದುಬಿಟ್ಟೆ, ಹೊಡೆದು ಹಾಕುತ್ತೇನೆ. ಅದು ಯಾರದ್ದೋ ಬಾಗಿಲು ಮಾಡಿ ಉಳಿದ ತುಂಡು. ತೊಟ್ಟಿಲು ಗೆದ್ದಲು ತಿಂದು ಹೋಗಿ ಎಷ್ಟೋ ಕಾಲವಾಯಿತು.)

ನಾಲ್ಕು ದಿನ. ಹೆಸರನ್ನು ಬಾಯಲ್ಲಿ ಒಂದು ಸಲವೂ ಹೇಳಲಿಲ್ಲ, ಬೆರಳಲ್ಲೇ ಹೇಳಿಕೊಂಡ. ನಾಲ್ಕನೇ ದಿನ ಅಕ್ಷರಗಳನ್ನು ಗುಳಿಯಲ್ಲಿಟ್ಟು ಮರದ ಸುತ್ತಿಗೆಯಿಂದ ಮೆತ್ತಗೆ ತಟ್ಟಿದ. ಕೂತವು. ಸಂದಿಗೆ ಕಾಗದ ತೂರಿಸಿ ನೋಡಿದ, ಹೋಗಲಿಲ್ಲ. ಹಲಗೆಯನ್ನು ಬೋರಲು ಹಾಕಿದ. ಅಲ್ಲಾಡಿಸಿದ. ಒಂದೂ ಉದುರಲಿಲ್ಲ. ಏಳು ವರ್ಷದಲ್ಲಿ ಮೊದಲ ಸಲ ಅವನ ಮುಖ ಅರಳಿದ್ದು ನೋಡಿದೆ. ತಮ್ಮ ಊಟಕ್ಕೆ ಹೋಗಿದ್ದಾಗ ಡಬ್ಬಿಗೆ ಹಾಕಿ ಟೇಪ್ ಸುತ್ತಿ, ಕೊರಿಯರ್‌ನವನ ಕೈಗೆ ತಾನೇ ಕೊಟ್ಟ.

ಮಗು ಆಡುವ ಸಾಮಾನು ಅದು, ಉದುರಬೇಕು ಅಂತ ಹೇಳುವವರು ಯಾರೂ ಇರಲಿಲ್ಲವೇ? ಇದ್ದರು. ನಾನಿದ್ದೆ. ನನಗೆ ಗೊತ್ತಾಗಿತ್ತು. ಹೇಳಲಿಲ್ಲ. ಹೇಳಿದ್ದರೆ ನನ್ನ ಕಥೆ ಎಲ್ಲಿಂದ ಬರುತ್ತಿತ್ತು? ಕಂಡವರ ಮನೆ ಬೆಂಕಿಯಲ್ಲಿ ಚಳಿ ಕಾಯಿಸಿಕೊಳ್ಳುವ ಕಸುಬು ನಮ್ಮದು.

(ಬಿಗಿ ಹಿಡಿತ, ಮಗಳು, ಅಕ್ಷರ. ಆಹಾ, ರೂಪಕ ಸಿಕ್ಕಿತು ಅಂತ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತಿದ್ದೀರಲ್ಲ, ಇಡಿ ಕೆಳಗೆ. ಮೂರು ವರ್ಷದ ಮಗುವಿನ ಉಗುರಿಗೆ ರೂಪಕ ಗೊತ್ತಾಗುವುದಿಲ್ಲ.)

4

ಈ ಭಾಗ ಮಗಳದ್ದು. ಅವಳ ಮನೆ, ಡಬ್ಬಿ ಬಿಚ್ಚಿದ್ದು, ಅವಳ ಮನಸ್ಸಿನೊಳಗೆ ಏನಾಯಿತು, ಎಲ್ಲವನ್ನೂ ಎರಡು ಪುಟ ಬರೆದಿದ್ದೆ. "ನನ್ನನ್ನ ಕೇಳಿದ್ರಾ?" ಅಂದಳು. ಇಲ್ಲ ಅಂದೆ. "ಅವ್ರೂ ಕೇಳ್ತಿರ್ಲಿಲ್ಲ," ಅಂದಳು. ಎರಡೂ ಪುಟ ಹರಿದೆ.

5

ಒಂಬತ್ತನೇ ದಿನ ಡಬ್ಬಿ ವಾಪಸ್ ಬಂತು. ಒಳಗೆ ಹಲಗೆ, ಹಲಗೆಯಲ್ಲಿ ನಾಲ್ಕೂ ಅಕ್ಷರ, ಒಂದು ಚೀಟಿ. ಮೊದಲ ಅಕ್ಷರದ ಅಂಚಿನಲ್ಲಿ ಉಗುರಿನ ಗೀರುಗಳು. ಯಾರೋ ಚಮಚದ ತುದಿಯಿಂದ ಮೀಟಿದ ಗುರುತೂ ಇತ್ತು.

ತಮ್ಮ ಚೀಟಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಿದ್ದ. "ಜೋರಾಗಿ ಓದು," ಅಂದ ಉಳಿಯಣ್ಣ. ಓದಿದ.

'ಚಿಕ್ಕಪ್ಪ, ಒಂದು ಅಕ್ಷರವೂ ಹೊರಗೆ ಬರ್ತಿಲ್ಲ. ಹುಟ್ಟುಹಬ್ಬದ ದಿನ ಮಗು ಉಗುರು ಹಾಕಿ ಹಾಕಿ ಬೆರಳಲ್ಲಿ ರಕ್ತ ಬರಿಸ್ಕೊಂಡ್ಳು. ಒಳಮೂಲೆ ನೋಡಿದ ತಕ್ಷಣ ಯಾರ ಕೈ ಅಂತ ಗೊತ್ತಾಯ್ತು. ಅವರಿಗೆ ಹೆಸರು ತಿಳೀಬಾರದು ಅಂದಿದ್ದೆ ನಾನು. ಕೆಲಸ ಚೆನ್ನಾಗಿದೆ. ಅವರ ಕೆಲಸ ಯಾವತ್ತೂ ಚೆನ್ನಾಗೇ ಇತ್ತು. ನನಗೆ ಮೆಷಿನ್ ಮಾಡಿದ್ದು ಕಳಿಸಿ.'

ತಮ್ಮ ಚೀಟಿ ಮಡಚಿದ. ಉಳಿಯಣ್ಣ ಹಲಗೆ ಎತ್ತಿ ಬೋರಲು ಹಾಕಿದ. ಕೈ ತಾನಾಗಿ ಹಾಕಿತು, ಅಭ್ಯಾಸ. ಏನೂ ಉದುರಲಿಲ್ಲ. ಅವನ ಕೈಗೆ ಈ ಸಲ ಅದು ಖುಷಿ ಕೊಡಲಿಲ್ಲ. ರಕ್ತ ಬಂತು ಅಂದಾಗ ಅವನ ಎದೆಗೆ ಉಳಿ ಇಳಿದಂತಾಗಿತ್ತು, ಅದನ್ನು ನಾನು ಸುತ್ತಿ ಬಳಸಿ ಹೇಳುವುದಿಲ್ಲ.

6

ಕೊನೆಗಳು ನನ್ನ ಹತ್ತಿರ ಮೂರಿದ್ದವು. ಮೂರನ್ನೂ ಅವನ ಮುಂದೆ ಇಟ್ಟೆ.

ಅ) ಮಗಳು ಮಗುವನ್ನು ಕರೆದುಕೊಂಡು ಬರುತ್ತಾಳೆ. ಅಪ್ಪ ತಪ್ಪಾಯಿತು ಅನ್ನುತ್ತಾನೆ.

"ಅವಳು ಬರಲ್ಲ. ನಿನಗೆ ಅವಳು ಗೊತ್ತಿಲ್ಲ, ನನ್ನ ಮಗಳು ಅವಳು."

ಆ) ಹೊಸ ಡಬ್ಬಿಯೊಳಗೆ ಅವನು ಒಂದು ಕಾಗದ ಬರೆದಿಡುತ್ತಾನೆ.

"ಬೇಡ ಅಂದ್ಮೇಲೂ ಕೈ ಹಾಕಿದ್ದು ಸಾಲ್ದಾ?"

ಇ) ಮೆಷಿನ್ನನ್ನು ಒಡೆದು ಹಾಕುತ್ತಾನೆ.

ಅವನು ನನ್ನನ್ನು ಕನಿಕರದಿಂದ ನೋಡಿದ. "ಅದೇನು ಮಾಡ್ತು ಪಾಪ? ಅದು ಯಾರನ್ನೂ ಆಡ್ಕೊಂಡು ನಕ್ಕಿಲ್ಲ."

7

ತಮ್ಮ ಹೊಸ ಹಲಗೆಯನ್ನು ಮೆಷಿನ್ನಿಗೆ ಬಿಗಿದ. ಕಂಪ್ಯೂಟರಿನ ಮುಂದೆ ಕೂತ. ಅಕ್ಷರಕ್ಕೂ ಗುಳಿಗೂ ನಡುವೆ ಎಷ್ಟು ಜಾಗ ಬಿಡಬೇಕು ಅಂತ ತುಂಬುವ ಒಂದು ಖಾನೆ ಇರುತ್ತದೆ. ದಿನಾ ತುಂಬುವುದೇ. ಅವತ್ತು ಅವನ ಬೆರಳು ನಿಂತಿತು.

"ಅಣ್ಣಾ, ಸಂದು ಎಷ್ಟು ಕೊಡ್ಲಿ?"

ಉಳಿಯಣ್ಣ ಕಿಟಕಿ ಕಡೆ ತಿರುಗಿಕೊಂಡ.

"ಬಸ್ ಹೋಗೋಷ್ಟು ಕೊಡು."

ತಮ್ಮ ನಗಲಿಲ್ಲ. ನಾನೂ ನಗಲಿಲ್ಲ. ಮೆಷಿನ್ ಕಿರುಚಿಕೊಂಡು ಶುರುವಾಯಿತು, ಇಪ್ಪತ್ತು ನಿಮಿಷದಲ್ಲಿ ಮುಗಿಸಿತು. ಒಳಮೂಲೆಗಳು ಮೊಂಡಾಗಿದ್ದವು. ಉಳಿಯಣ್ಣ ಅವನ್ನು ಮುಟ್ಟಲಿಲ್ಲ. ಅಂಚು ಉಜ್ಜಿದ, ಅಕ್ಷರ ಕೂರಿಸಿದ, ಹಲಗೆಯನ್ನು ಬೋರಲು ಹಾಕಿದ. ನಾಲ್ಕೂ ಅಕ್ಷರ ಪಟಪಟ ಮೇಜಿನ ಮೇಲೆ ಬಿದ್ದವು.

"ಪಾಸ್," ಅಂದ.

8 (ಇದು ಕೊನೆಯಲ್ಲ)

ಪಾರ್ಸೆಲ್ ತಲುಪಿ ಹನ್ನೊಂದು ದಿನವಾಯಿತು. ಸಿಕ್ಕಿತು ಅಂತ ಸಹಿ ಬಂದಿದೆ, ಮಾತು ಬಂದಿಲ್ಲ. ಬರುತ್ತದೋ ಇಲ್ಲವೋ ನನ್ನನ್ನು ಕೇಳಬೇಡಿ, ನನಗೆ ಗೊತ್ತಿದ್ದರೂ ಹೇಳುವ ಯೋಗ್ಯತೆ ಇಲ್ಲ. ವಾಪಸ್ ಬಂದ ಹಲಗೆ ಅವನ ಮೇಜಿನ ಕೆಳಗಿದೆ.

"ಕಥೇಲಿ ಮಗು ಹೆಸರು ಬರ್ದಿದ್ಯಾ?" ಅಂತ ಕೇಳಿದ.

"ಇಲ್ಲಣ್ಣ."

"ಬರೀಬೇಡ. ಅವಳ ಮಾತು ಒಂದಾದ್ರೂ ಕೇಳಿದ ಹಾಗಾಗ್ಲಿ."

ನೀವು ನನ್ನನ್ನು ಬೈದುಕೊಳ್ಳಿ, ಹೆಸರಂತೂ ಸಿಗುವುದಿಲ್ಲ. ಕೊನೆಯೂ ಸಿಗುವುದಿಲ್ಲ. ಕಾಗದ ಎತ್ತಿಕೊಂಡು ಹೊರಡಲು ಎದ್ದೆ. ಏಳುವಾಗ ಸ್ಟೂಲು ವಾಲಿತು, ಬೀಳುವಷ್ಟರಲ್ಲಿ ಮೇಜು ಹಿಡಿದುಕೊಂಡೆ.

"ಏನಣ್ಣ ನೀವು, ಇಷ್ಟು ದೊಡ್ಡ ಕೆಲಸಗಾರರು, ಇದಕ್ಕೊಂದು ಬೆಣೆ ಬಡಿಯಬಾರದಾ? ಎರಡು ನಿಮಿಷದ ಕೆಲಸ." ಬಗ್ಗಿ ಕಾಲಿಗೆ ಕೈ ಹಾಕಿದೆ. ಮೊಳೆ ಇರಲಿಲ್ಲ, ಬರೀ ಮರಕ್ಕೆ ಮರ.

"ಮುಟ್ಬೇಡ," ಅಂದ ಉಳಿಯಣ್ಣ.