ಮಂತ್ರಿಗಳ ಧರ್ಮಮಕ್ಕಳು

“ಈ ಹುಡುಗ ಯಾರೋ ನನಗೆ ಗೊತ್ತೇ ಇಲ್ಲ ಮೇಡಂ. ಕಡಲಲ್ಲಿ ಮುಳುಗಿ ಏಳೋ ಪೋಲಿಗಳೆಲ್ಲ ನನ್ನ ಹೆಸರು ಹೇಳ್ಕೊಂಡು ತಿರುಗಿದರೆ ನಾನೇನು ಮಾಡಲಿ?”

ಮಂತ್ರಿ ಕಾಂಪ್ಟನ್ ಇದನ್ನು ಹೇಳಿದ್ದು ಶಾಲೆಯ ಹಾಲಿನಲ್ಲಿ, ಇಡೀ ಕೊಲ್ಲಿಯ ಜನರ ಎದುರಿಗೆ. ಹೇಳಿದ್ದು ಲಾಬ್‌ಸ್ಟರ್ ಹಿಡಿಯುವ ಜೆರ್ವಾನನ ಬಗ್ಗೆ. ಜೆರ್ವಾನ್ ಎದ್ದು ನಿಂತಿದ್ದ ಅಷ್ಟೆ, ಇನ್ನೂ ಬಾಯಿ ತೆರೆದಿರಲಿಲ್ಲ.

ಮುಂದಿನ ಮೇಜಿನ ಹಿಂದೆ ವಿದೇಶದ ಹಾಲ್ಡೇನ್ ಮೇಡಂ ಕೂತಿದ್ದಳು. ಕಳ್ಳಹಣ ಈ ದ್ವೀಪದೊಳಕ್ಕೆ ಎಷ್ಟು ಸಲೀಸಾಗಿ ನುಸುಳುತ್ತದೆ, ಹೊರಗಿನವರು ನಂಬಿ ಇಲ್ಲಿ ಬಂಡವಾಳ ಹಾಕಬಹುದೇ ಎಂದು ತೂಗಿ ನೋಡುವುದು ಅವಳ ಕೆಲಸ. ಅವಳು ಒಳ್ಳೆಯ ಮಾತು ಬರೆದರೆ, ಮಂತ್ರಿ ಮೂರು ಚುನಾವಣೆಯಿಂದ ಆಸೆ ತೋರಿಸುತ್ತಿರುವ, ಮೀನು ಕೆಡದಂತೆ ಇಡುವ ಶೀತಲಗೃಹ ಬರುತ್ತದೆ. ಅವಳು ಕೇಳಿದ್ದು ಇಷ್ಟೇ: ಈ ಒಂದು ಹಳ್ಳಿಯಲ್ಲಿ ಅಷ್ಟೊಂದು ಬ್ಯಾಂಕ್ ಖಾತೆಗಳು ಮಂತ್ರಿಗಳ ಹತ್ತಿರದವರದ್ದು ಹೇಗೆ?

ಹೇಗೆ ಅಂದರೆ, ಹೋದ ವರ್ಷ ಬ್ಯಾಂಕಿನವರು ಎಲ್ಲರನ್ನೂ ಕರೆದು, ಅಧಿಕಾರದಲ್ಲಿರುವವರ ಜೊತೆ ನಿಮಗೇನಾದರೂ ಸಂಬಂಧ ಇದೆಯೇ ಎಂದು ಕೇಳಿದ್ದರು. ಲಾಬ್‌ಸ್ಟರ್ ಹಿಡಿಯುವವರು ಎದೆಯುಬ್ಬಿಸಿ ಹೇಳಿದ್ದರು: ಇದೆ, ಮಂತ್ರಿಗಳು ನನ್ನ ಧರ್ಮತಂದೆ. ಸುಳ್ಳಲ್ಲ. ಎಂದೋ ಮೊದಲ ಸಲ ಚುನಾವಣೆಗೆ ನಿಂತಾಗಿನಿಂದ ಇಲ್ಲಿನ ಚರ್ಚಿನಲ್ಲಿ ದೀಕ್ಷಾಸ್ನಾನವಾದ ಮಕ್ಕಳನ್ನೆಲ್ಲ ಧರ್ಮತಂದೆಯಾಗಿ ಎತ್ತಿಕೊಂಡವನು ಅವನೇ. ಮಗುವಿಗೊಂದು ಮುತ್ತು, ಮನೆಮಂದಿಯದ್ದೆಲ್ಲ ವೋಟು. ಹಾಗೆ ಹೇಳಿದರೆ ಬ್ಯಾಂಕಿನಲ್ಲಿ ಮರ್ಯಾದೆ ಸಿಗುತ್ತದೆ ಅಂದುಕೊಂಡಿದ್ದರು ಪಾಪ. ಸಿಕ್ಕಿದ್ದು ಕೆಂಪು ಗುರುತು. ಮಂತ್ರಿಯ ಲಂಚದ ದುಡ್ಡು ಇವರ ಖಾತೆಗಳಲ್ಲಿ ಅಡಗಿರಬಹುದಂತೆ! ಖಾತೆಗಳಿಗೆ ಬೀಗ ಬಿತ್ತು.

ಲಂಚದ ದುಡ್ಡು! ನೆನೆಸಿಕೊಂಡರೆ ಜೆರ್ವಾನನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ದೋಣಿ ವಾಪಸು ಬಾರದ ವರ್ಷ, ಇವನು ಶಾಲೆ ಬಿಟ್ಟು ಕಡಲಿಗೆ ಇಳಿದಾಗ, ಈ ಧರ್ಮತಂದೆ ಒಂದು ಚೂರು ರೊಟ್ಟಿ ಕಳಿಸಿರಲಿಲ್ಲ. ಈಗ ನೋಡಿದರೆ ಪಕ್ಕದ ಫ್ರೆಂಚ್ ದ್ವೀಪ ಮಾರ್ಟಿನೀಕಿನಿಂದ ಲಾಬ್‌ಸ್ಟರ್ ಕೊಳ್ಳಲು ದೋಣಿ ತರುವ ಬಾಸಿಲ್ ಕಡ್ಡಿ ಮುರಿದಂತೆ ಹೇಳಿದ್ದಾನೆ: ಯೂರೋ ನೋಟು ಕೈಗೆ ಕೊಡುವ ಕಾಲ ಮುಗಿಯಿತು, ಖಾತೆ ಇದ್ದವನಿಂದ ಮಾತ್ರ ಮಾಲು. ನಾಳೆ ಬರುತ್ತಾನೆ. ಜೆರ್ವಾನನ ಪಂಜರ ದೋಣಿಕಟ್ಟೆಯ ಕೆಳಗೆ ನೀರಿನಲ್ಲಿ ಜೀವಂತ ಲಾಬ್‌ಸ್ಟರ್‌ಗಳಿಂದ ಕಿಕ್ಕಿರಿದು ನಿಂತಿದೆ. ಹಿಡಿಯುವ ಕಾಲವೂ ಮುಗಿಯುತ್ತಾ ಬಂತು. ಆಮೇಲೆ ಲಾಬ್‌ಸ್ಟರ್ ಇಟ್ಟುಕೊಂಡವನಿಗೂ ಜೈಲು.

“ಮಂತ್ರಿಗಳೇ,” ಹಿಂದಿನ ಬೆಂಚಿನಿಂದ ಮುದುಕ ಕಾರ್ಲೈಲ್ ಕೂಗಿದ, “ನನ್ನ ಮಗಳ ಗುರುತಾದರೂ ಇದೆಯಾ? ನಿಮ್ಮ ಬಿಳೀ ಕೋಟಿನ ಮೇಲೆ ಉಚ್ಚೆ ಹೊಯ್ದವಳು!”

“ಯಾವ ಮಗು ಬಿಟ್ಟಿದೆ ಹೇಳಣ್ಣಾ!” ಅಂದ ಇನ್ನೊಬ್ಬ. ಸೇರಿದವರೆಲ್ಲ ಬಿದ್ದು ಬಿದ್ದು ನಕ್ಕರು. ಮಂತ್ರಿಯೂ ನಕ್ಕ, ಹಲ್ಲಿನಲ್ಲಿ ಮಾತ್ರ.

ಮೇಡಂಗೆ ನಗು ಬರಲಿಲ್ಲ. “ಅಂದರೆ ಸಂಬಂಧ ಇಲ್ಲ. ಈ ಹುಡುಗನೂ ಇಲ್ಲ ಅಂತ ಎಲ್ಲರ ಮುಂದೆ ಹೇಳಿದರೆ ಕೆಂಪು ಗುರುತು ತೆಗೆಯೋಕೆ ನನ್ನದೇನೂ ಅಡ್ಡಿಯಿಲ್ಲ.”

ಬ್ಯಾಂಕಿನ ಮಿಸ್ ಡೆಲ್ಫೀನ್ ಬಗ್ಗಿ ಪಿಸುಗುಟ್ಟಿದಳು. “ಹೇಳಪ್ಪಾ ಜೆರ್ವಾನ್. ‘ಇವರು ನನಗೇನೂ ಅಲ್ಲ’ ಅಂತ ಒಂದ್ಮಾತು. ನಾಳೆ ಬೆಳಿಗ್ಗೆ ಬ್ಯಾಂಕಿಗೆ ಹೋದ ಕೂಡಲೇ ನಿನ್ನ ಖಾತೆ ತೆರೀತೀನಿ.”

ಆ ಮಾತನ್ನು ಅವನು ಮನೆಯಲ್ಲಿ ಎಷ್ಟು ಸಲ ಕಿರುಚಿರಲಿಲ್ಲ! ಭಾನುವಾರ ಬಂತೆಂದರೆ ಮಂತ್ರಿಯ ಹೆಸರಿನಲ್ಲೊಂದು ಮೋಂಬತ್ತಿ ಹಚ್ಚುತ್ತಿದ್ದಳು ಅಮ್ಮ ಯೂಲಿನ್. ದೇವರ ಮುಂದೆ ನಿನ್ನ ಎತ್ಕೊಂಡೋರು ಕಣೋ, ಅದು ಅಳಿಸೋ ಸಂಬಂಧ ಅಲ್ಲ, ಅನ್ನುತ್ತಿದ್ದಳು. ದೀಕ್ಷಾಸ್ನಾನದ ದಿನ ಮನೆಯಲ್ಲಿದ್ದ ಒಂದೇ ಆಡನ್ನು ಕಡಿದು ಆ ಮನುಷ್ಯನಿಗೆ ಬಡಿಸಿದ್ದಳು.

ಈಗ ಎರಡನೇ ಸಾಲಿನಲ್ಲಿ, ಮಂತ್ರಿಗಳು ಬರುತ್ತಾರೆಂದು ಚರ್ಚಿನ ಟೋಪಿ ಹಾಕಿಕೊಂಡು ಕೂತಿದ್ದಳು. ತಲೆ ಎತ್ತದೆ ಅಂದಳು, “ಹೇಳ್ಬಿಡು ಮಗಾ. ಏನೂ ಅಲ್ಲ ಅಂದ್ಬಿಡು.”

ಮಂತ್ರಿಯ ಬೈಗುಳ ಜೆರ್ವಾನನಿಗೆ ತಾಗಿರಲಿಲ್ಲ, ಇದು ತಾಗಿತು. ಅಲ್ಲ ಅಂದರೆ ಅಮ್ಮನ ಭಾನುವಾರಗಳೆಲ್ಲ ಊರ ಮುಂದೆ ಸುಳ್ಳಾಗುತ್ತವೆ. ಹೌದು ಅಂದರೆ ಈ ಮನುಷ್ಯನ ಕಾಲಿಗೆ ಬಿದ್ದು ಅಪ್ಪಾ ಅಂದಂತೆ, ಮೇಲೆ ಖಾತೆಯೂ ಹೋಯಿತು.

“ಹೇಳೋ, ಹೆದರ್ಬೇಡ,” ಮಂತ್ರಿ ಕೈ ಚಾಚಿ ಜನರ ಕಡೆ ತಿರುಗಿದ. “ನಾನು ನಿನಗೆ ಯಾರು?”

ಜೆರ್ವಾನ್ ಅಮ್ಮನ ತೋಳು ಹಿಡಿದು ಎಬ್ಬಿಸಲು ನೋಡಿದ. ಅವಳು ಏಳಲಿಲ್ಲ. ತೋಳು ಬಿಟ್ಟು, ಬೆಂಚುಗಳ ಸಂದಿಯಲ್ಲಿ ಮೊಣಕಾಲುಗಳನ್ನು ದಾಟುತ್ತಾ ಬಾಗಿಲ ಕಡೆ ನಡೆದ.

“ಲೋ, ನಾಳೆ ಬಾಸಿಲ್ ಬರ್ತಾನೆ ಕಣೋ!” ಕಾರ್ಲೈಲ್ ಕೂಗಿದ. “ಬಾಯಿ ಬಿಡೋ ಮೂರ್ಖಾ, ಒಂದು ಮಾತು!”

ಜೆರ್ವಾನ್ ಬಿಸಿಲಿಗೆ ಇಳಿದು, ತನ್ನ ಪಂಜರವಿದ್ದ ದೋಣಿಕಟ್ಟೆಯ ಕಡೆ ಹೋಗುವ ಇಳಿಜಾರಿನಲ್ಲಿ ನಡೆಯುತ್ತಲೇ ಹೋದ.