ಡಬ್ಬಿಯಲ್ಲಿ ಕೊಡಲಾಗದ ಕಫ

ಮೂರು ವಾರವಾದರೂ ಕೆಮ್ಮು ಬಿಟ್ಟಿರಲಿಲ್ಲ, ಕೆಮ್ಮಿದಾಗಲೆಲ್ಲ ಹಳದಿ ಕಫ. ತಿಕೋಟಾದಲ್ಲಿ ಒಣದ್ರಾಕ್ಷಿಗೆ ಗಂಧಕದ ಹೊಗೆ ಹಾಕುವ ಶೆಡ್ಡಿನಲ್ಲಿ ನಾನು ಕಸ ಆರಿಸುವವಳು. ಜೊತೆಯ ಹೆಂಗಸರು ಮೆಲ್ಲಗೆ ದೂರ ಸರಿದು ಕೂತರು. ಟಿ.ಬಿ. ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನನಗೆ ನಾನೇ ಹೇಳಿಕೊಂಡೆ. ಅಂದಿನಿಂದ ನಾಲ್ಕು ತಿಂಗಳ ಮೊಮ್ಮಗಳನ್ನು ಮುಟ್ಟಲಿಲ್ಲ. ಅದು ಒಳಗೆ ಅತ್ತರೆ ಹೊರಗಿನ ಕಟ್ಟೆಯ ಮೇಲೆ ಕೂತೇ ಜೋಗುಳ ಹಾಡುತ್ತಿದ್ದೆ.

"ಮೊದಲ ತೋರಿಸ್ಕೊಂಡ ಬರ್ರಿ ಅತ್ತಿ" ಎಂದು ಸೊಸೆ ಆಮ್ರಪಾಲಿ ಅಂದರೆ ಅವಳ ಮೇಲೇ ರೇಗುತ್ತಿದ್ದೆ. ಹೆದರಿಕೆ ನನಗೆ, ಬೈಗುಳ ಅವಳಿಗೆ.

ಕಡೆಗೊಮ್ಮೆ ವಿಜಯಪುರದ ಸರಕಾರಿ ದವಾಖಾನೆಗೆ ಹೋದೆ. ಎದೆಯ ಫೋಟೋ ತೆಗೆದರು. ಲ್ಯಾಬಿನ ಹುಡುಗಿ ಸಾನಿಯಾ ಮುಚ್ಚಳದ ಡಬ್ಬಿ ಕೊಟ್ಟು ಕಫ ತರಲು ಹೇಳಿದಳು. ಮಂದಿಗೆ ನೀರು ಕೊಡುವಾಗಲೂ ತಂಬಿಗೆಯನ್ನು ಎರಡು ಸಲ ತೊಳೆಯುವವಳು ನಾನು. ಹೆಣ್ಣುಮಗಳ ಕೈಗೆ ಇಂಥದ್ದನ್ನು ಕೊಡುವುದೇ? ಮರೆಗೆ ಹೋಗಿ ಕಫವನ್ನೆಲ್ಲ ಹೊರಗೆ ಹಾಕಿ, ಬಾಯಿ ತೊಳೆದು, ಆಮೇಲೆ ಸ್ವಚ್ಛ ಉಗುಳು ತುಂಬಿಸಿ ಕೊಟ್ಟೆ.

ಸಾನಿಯಾ ಡಬ್ಬಿಯನ್ನು ಬೆಳಕಿಗೆ ಹಿಡಿದು ನಕ್ಕಳು. "ಇದು ಬರೇ ಉಗುಳು ಐತ್ರಿ ಅವ್ವಾ. ಎದಿಯೊಳಗಿಂದ ಬರೂದು ಬೇಕು."

"ಅಂಥಾ ಹೊಲಸ ನಿನ್ನ ಕೈಯಾಗ ಹ್ಯಾಂಗ ಕೊಡ್ಲಿ ತಂಗೀ?"

"ನಮ್ಮ ಕೆಲಸಾನ ಅದು. ಮುಂಜಾನೆ ಎದ್ದಕೂಡ್ಲೆ ಬಾಯಿ ಮುಕ್ಕಳಿಸಿ, ಜೋರಾಗಿ ಉಸಿರು ಜಗ್ಗಿ ಕೆಮ್ಮರಿ."

ಮರುದಿನ ಹಿತ್ತಲಲ್ಲಿ ನಿಂತು ಕೆಮ್ಮಿದ ಕೆಮ್ಮಿಗೆ ಪಕ್ಕದ ಮನೆಯ ಕೋಳಿಗಳು ದಿಕ್ಕಾಪಾಲಾದವು. ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದೆ.

ಎರಡು ದಿನ ಬಿಟ್ಟು ಡಾಕ್ಟರು ಕರೆದರು. "ಟಿ.ಬಿ. ಇಲ್ಲ ಮಾಳವ್ವಾ. ಶೆಡ್ಡಿನ ಗಂಧಕದ ಹೊಗಿ ಎದಿಗೆ ಹತ್ತೈತಿ. ಔಷಧ ತಗೊಳ್ರಿ, ಹೊಗಿ ಕಡೆ ಹೋಗಬ್ಯಾಡ್ರಿ. ಕಫದ ಬಣ್ಣ ನೋಡಿ ನೀವ ರೋಗಕ್ಕ ಹೆಸರು ಇಡಬ್ಯಾಡ್ರಿ, ತಪಾಸಣಿ ಮಾಡಿಸ್ರಿ."

"ಕೂಸಿನ್ನ ಎತ್ಕೋಬೋದೇನ್ರಿ?"

"ಧಾರಾಳ ಎತ್ಕೊಳ್ರಿ."

ಹೋದ ಜೀವ ಬಂದಂತಾಯಿತು. ಬಸ್ಸಿನಲ್ಲಿ ಒಂದು ಆಟ ಯೋಚಿಸಿದೆ: ಮುಖ ಸಣ್ಣದು ಮಾಡಿಕೊಂಡು ಹೋಗಿ ಸೊಸೆಯನ್ನು ಸ್ವಲ್ಪ ಸತಾಯಿಸಬೇಕು. ಆದರೆ ಹೊಸ್ತಿಲು ದಾಟುವ ಮೊದಲೇ ಆಮ್ರಪಾಲಿ ಕೂಸನ್ನು ನನ್ನ ತೋಳಿಗೆ ಹಾಕಿದಳು.

"ರಿಪೋರ್ಟ್ ಏನ್ ಬಂತು ಅಂತ ಕೇಳ್ಲಿಲ್ಲಲ್ಲ ನೀ?"

"ನಿಮ್ಮ ಮುಖಾನ ಹೇಳಾಕತ್ತೈತ್ರಿ ಅತ್ತಿ."

ಬೈಯಬೇಕೆಂದು ಬಾಯಿ ತೆರೆದೆ. ಕೂಸು ನನ್ನ ಮೂಗುಬೊಟ್ಟು ಹಿಡಿದು ಜಗ್ಗಿತು. ನೋವಾಯಿತು. ಬಿಡಿಸಿಕೊಳ್ಳಲಿಲ್ಲ.