ಠಣ್ ಎನ್ನುವ ಹಲಗೆ

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ನನಗೊಬ್ಬಳು ಸವತಿ ಇದ್ದಾಳೆ ಎಂದು ನಾನು ಬಂದವರ ಮುಂದೆಲ್ಲ ಹೇಳುತ್ತೇನೆ. ನಮ್ಮವರು ವಾರವಿಡೀ ಪ್ರೆಸ್ಸಿನ ಯಂತ್ರಗಳ ಗದ್ದಲದಲ್ಲಿ ನಿಂತು ಬರುತ್ತಾರೆ. ರಜೆಯ ದಿನ ಆ ಕೋಣೆ ಹೊಕ್ಕರೆಂದರೆ ಊಟಕ್ಕೂ ಕೈಹಿಡಿದು ಎಳೆದು ತರಬೇಕು. ಒಳಗೆ ಗಿಟಾರು ತಯಾರಾಗುತ್ತಿರುತ್ತದೆ. ಮಾರುವುದಕ್ಕಲ್ಲ, ಹೆಸರು ಮಾಡುವುದಕ್ಕೂ ಅಲ್ಲ, ಬರೀ ಹುಚ್ಚು. ನಮ್ಮ ಹಾಸಿಗೆಯಲ್ಲೂ ಮರದ ಪುಡಿ.

ಗಿಟಾರಿನ ಜೀವವೆಲ್ಲ ಅದರ ಮೇಲಿನ ಹಲಗೆಯಲ್ಲಿದೆಯಂತೆ. ಅದನ್ನು ಉಕ್ಕಿನ ತಗಡಿನಿಂದ ಹೆರೆಯುತ್ತ, ಆಗಾಗ ಅಂಚು ಹಿಡಿದೆತ್ತಿ, ಬೆರಳ ಗೆಣ್ಣಿನಿಂದ ತಟ್ಟಿ ಕೇಳಬೇಕು. ದಪ್ಪವಿರುವ ತನಕ ಬಾಗಿಲು ಬಡಿದಂಥ ಮೊದ್ದು ಸದ್ದು. ಹದಕ್ಕೆ ಬಂದಾಗ ಠಣ್ ಎನ್ನುತ್ತದೆ. ಅಲ್ಲಿಗೆ ಕೈ ನಿಲ್ಲಬೇಕು. ಆಮೇಲೂ ಹೆರೆದರೆ ಹಲಗೆ ತಂತಿಗಳ ಎಳೆತ ತಡೆಯದೆ ಕುಸಿಯುತ್ತದೆ.

ಈಚೆಗೆ ಅವರು ಹಲಗೆ ಹೆರೆಯುವಾಗಲೆಲ್ಲ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು. ಇಷ್ಟು ವರ್ಷದ ಮೇಲಾದರೂ ಹೆಂಡತಿಯ ಮುಖ ಕಂಡಿತಲ್ಲ ಎಂದು ನಾನು ಒಳಗೊಳಗೇ ಬೀಗಿದ್ದೆ. ಅವತ್ತು ಬೆಳಿಗ್ಗೆಯೂ ಬಟ್ಟೆ ಮಡಚುತ್ತ ಕೂತಿದ್ದೆ. ಅವರು ತಟ್ಟಿದರು. ಠಣ್ ಎಂದಿತು. ಸಂಗೀತದ ಗಂಧಗಾಳಿ ಇಲ್ಲದ ನನಗೇ ಕೇಳಿತು.

"ಇನ್ನೂ ಬಂದಿಲ್ಲ" ಎಂದು ಅವರು ಮತ್ತೆ ಹೆರೆಯತೊಡಗಿದರು.

ಠಣ್ ಎಂದದ್ದು ಇವರಿಗೆ ಕೇಳಿಸಿಯೇ ಇರಲಿಲ್ಲ. ನನ್ನ ಮಾವನವರು ಕಿವಿ ಹೋದ ಮೇಲೆ ಮಾತು ಬಿಟ್ಟು, ಗೋಡೆಗೆ ಮುಖ ಮಾಡಿ ಕೂತವರು, ಕೂತಲ್ಲೇ ಸೊರಗಿ ಹೋದರು. "ನಂಗೇನಾದ್ರೂ ಆ ಗತಿ ಬಂದ್ರೆ ಈ ಕೋಣೆಗೆ ನಾನೇ ಬೆಂಕಿ ಇಡ್ತೀನಿ" ಎಂದು ಇವರು ಎಷ್ಟು ಸಲ ಅಂದಿದ್ದಾರೋ. ಹೇಳಿದರೆ ಗಂಡ ಮಾವನ ಹಾಗೆ ಸೊರಗಿ ಹೋಗುತ್ತಾನೆ, ಹೇಳದಿದ್ದರೆ ಹಲಗೆ ಹೋಗುತ್ತದೆ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ.

ಅವರು ಮತ್ತೆ ತಟ್ಟಿ ನನ್ನತ್ತ ನೋಡಿದರು. ಮುಖದಲ್ಲಿ ಭಯ ಕಾಣಬಾರದೆಂದು ನಾನು ಕಲ್ಲಿನ ಹಾಗೆ ಕೂತೆ. ಅವರು ಇನ್ನಷ್ಟು ಹೆರೆದರು. ಹಲಗೆಯ ದನಿ ಸೋಲುತ್ತ ಬಂತು.

"ಸಾಕು ನಿಲ್ಸ್ರೀ!" ಎಂದು ಕಿರುಚಿಬಿಟ್ಟೆ.

ಅವರು ತಗಡು ಕೆಳಗಿಟ್ಟರು. "ಯಾವಾಗ ಬಂತು?"

"ಏನು?"

"ದನಿ ಕಣೇ."

"ಆಗ್ಲೇ ಬಂದು ಹೋಯ್ತು."

ಅವರು ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಹೋದ ಗಿಟಾರು ಮಾಡಿದ್ದೂ ನಿನ್ನ ಮುಖ ನೋಡ್ಕೊಂಡೇ. ದನಿ ಬಂದ ಕೂಡ್ಲೆ ನಿನ್ನ ಹುಬ್ಬು ಮೇಲೇಳುತ್ತೆ. ಇವತ್ತು ಯಾಕೆ ಏಳ್ಲಿಲ್ಲ?"

"ನಿಮ್ಗೆ ಗೊತ್ತಾಗ್ಬಾರ್ದು ಅಂತ ಮುಖ ಬಿಗಿಹಿಡ್ಕೊಂಡಿದ್ದೆ."

"ನಿಂಗೆ ಗೊತ್ತಾಗ್ಬಾರ್ದು ಅಂತ ನಾನೂ ಬಾಯಿ ಬಿಡ್ಲಿಲ್ಲ."

ಇಬ್ಬರಿಗೂ ನಗು ಬರಬೇಕಿತ್ತು, ಬರಲಿಲ್ಲ. ಅವರು ಹಲಗೆಯನ್ನು ನನ್ನ ಕೈಗೆ ಕೊಟ್ಟರು.

"ಕಿವಿ ಎಷ್ಟು ಹೋಗಿದೆ ಅಂತ ನೋಡೇಬಿಡೋಣ. ನಿನ್ನ ಎದುರು ಕೂತ್ರೆ ತುಟಿ ನೋಡಿ ತಿಳ್ಕೊಂಡ್ಬಿಡ್ತೀನಿ. ಬೆನ್ನು ಹಾಕಿ ಕೂತ್ಕೋತೀನಿ, ನೀನು ತಟ್ಟು. ಕೇಳಿಸಿದ್ರೆ ಕೈ ಎತ್ತುತ್ತೀನಿ."

"ಬೇಡ ಕಣ್ರೀ, ನಂಗೆ ಭಯ ಆಗುತ್ತೆ."

"ನಂಗಿಲ್ವಾ?" ಎಂದು ಅವರು ಕುರ್ಚಿಯನ್ನು ಕಿಟಕಿಯತ್ತ ತಿರುಗಿಸಿ ಕೂತರು.

ನಾನು ಹಲಗೆಯ ಅಂಚು ಹಿಡಿದು ತಟ್ಟಿದೆ. ಅವರ ಕೈ ಮಂಡಿಯ ಮೇಲಿಂದ ಏಳಲಿಲ್ಲ. ಜೋರಾಗಿ ತಟ್ಟಿದೆ. ಏಳಲಿಲ್ಲ. ಸ್ವಲ್ಪವಾದರೂ ಕೇಳಲಿ ಎಂದು ಬೇಡಿಕೊಳ್ಳುತ್ತ, ಮುಷ್ಟಿ ಕಟ್ಟಿ ಗುದ್ದಿದೆ. ತೆಳ್ಳಗಾಗಿದ್ದ ಹಲಗೆ ಉದ್ದಕ್ಕೂ ಫಟ್ಟೆಂದು ಸೀಳಿತು. ಸದ್ದಿಗೆ ನಾನೇ ಬೆಚ್ಚಿಬಿದ್ದೆ.

ಅವರು ಕಿಟಕಿಯಾಚೆ ನೋಡುತ್ತಲೇ ಇದ್ದರು. "ಸುಮ್ನೆ ಯಾಕೆ ನಿಂತಿದೀಯ? ಶುರು ಮಾಡೇ" ಎಂದರು.